ಅಜ್ಜಿ, ಶೀ!

ಅಮ್ಮನ ಪೆಟ್ಟಿಗೆಯಿಂದ ಹತ್ತಿ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಇಟ್ಟೆ. ಕಾಟನ್ ಸೀರೆ, ಒಳಲಂಗ, ಚಳಿಗೆಂದೇ ಸಕಲೇಶಪುರದಿಂದ ಹೊತ್ತು ತಂದಿದ್ದ ದಪ್ಪ ಹೊದಿಕೆ. "ಚಳಿ ಊರಿಗೆ ಹೊರಟು ಬಟ್ಟೆ ತೆಗೆದಿಡ್ತಾ ಇದೀಯಲ್ಲೇ" ಎಂದು ಅಮ್ಮ ಸಿಡುಕಿದಳು. ಹತ್ತಿ ಬೆವರು ಕುಡಿದು ಒದ್ದೆಯಾಗುತ್ತೆ, ಒದ್ದೆಯಾದ ಮೇಲೆ ಮೈ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತೆ, ಉಣ್ಣೆ ಮಾತ್ರ ತೇವವಾದರೂ ಬೆಚ್ಚಗಿರುತ್ತೆ ಎಂದು ಇಲ್ಲಿನವರಿಂದ ಕಲಿತ ಪಾಠ ಒಪ್ಪಿಸಿದೆ. 'ಉಲ್ ಎರ್ ಗುಲ್' ಅನ್ನೋದು ನಾರ್ವೆಯಲ್ಲಿ ಮಕ್ಕಳ ಬಾಯಲ್ಲೂ ಇರುವ ಪ್ರಾಸ. ಉಣ್ಣೆ ಅಂದರೆ ಚಿನ್ನ ಎಂದು ಅರ್ಥ. ಅಂಗಡಿಯಲ್ಲಿ ಒಂದು ಉಣ್ಣೆ ಒಳಂಗಿಯ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿ ಹೇಳಿದಾಗ ಅಮ್ಮ, "ಚಿನ್ನವೇ ಬಿಡು" ಅಂದಳು.

ಓಸ್ಲೋದಲ್ಲಿ ನಮ್ಮ ಮನೆಗೆ ಬೇಸಿಗೆಯಲ್ಲಿ ಬಾರಮ್ಮ ಎಂದು ವರ್ಷಗಳಿಂದ ಕರೆಯುತ್ತಿದ್ದೆ. ಇಲ್ಲಿನ ಬೇಸಿಗೆ ಅಂದರೆ ಅಲ್ಲಿ ಮುಂಗಾರು, ತೋಟ ಬಿಟ್ಟು ಬರೋದು ಹೇಗೆ ಎಂಬ ತಕರಾರು. ಕೊನೆಗೆ ಅರೇಬಿಕಾ ಕೊಯ್ಲು ಮುಗಿಸಿ, ರೋಬಸ್ಟಾವನ್ನು ಅಣ್ಣನ ತಲೆಗೆ ಕಟ್ಟಿ ಫೆಬ್ರುವರಿಯಲ್ಲಿ ಬಂದಿಳಿದಳು. ಅದೇ ಹೊತ್ತಿಗೆ ಓಸ್ಲೋ ಶಾಲೆಗಳಿಗೆ ಚಳಿಗಾಲದ ರಜೆ. ನಾರ್ವೆಯವರು ತಾರೀಖು ಹೇಳುವುದಿಲ್ಲ, ವರ್ಷದ ಎಷ್ಟನೇ ವಾರ ಎಂದು ಹೇಳುತ್ತಾರೆ. '8ನೇ ವಾರ ಎಲ್ಲಿಗೆ ಹೋಗ್ತೀರಿ?' ಎಂದು ಕೇಳಿದರೆ ಯಾವ ಬೆಟ್ಟಕ್ಕೆ ಎಂದೇ ಅರ್ಥ. ಆ ವಾರ ಓಸ್ಲೋದಲ್ಲೇ ಉಳಿದವರನ್ನು ಜನ ಸ್ವಲ್ಪ ಕನಿಕರದಿಂದ ನೋಡುತ್ತಾರೆ. ಆರು ವರ್ಷ ಆ ಕನಿಕರ ಉಂಡ ಮೇಲೆ ನಾವೂ ಯೈಲೋಗೆ ರೈಲು ಟಿಕೆಟ್ ಮಾಡಿಸಿದೆವು. ಬರೆಯುವುದು 'ಜಿ' ಅಕ್ಷರದಿಂದ, ಓದುವುದು 'ಯ' ಎಂದು. ನಮ್ಮೆಜಮಾನರು ಮೊದಲ ದಿನ ಆಫೀಸಿನಲ್ಲೆಲ್ಲ 'ಗೈಲೋಗೆ ಹೋಗ್ತಿದೀವಿ' ಎಂದು ಹೇಳಿಕೊಂಡು ಬಂದಿದ್ದರು.

ಓಸ್ಲೋದಿಂದ ಬರ್ಗನ್‌ಗೆ ಹೋಗುವ ರೈಲು ದಾರಿಯಲ್ಲಿ ಸುಮಾರು ಅರ್ಧಕ್ಕೆ ಸಿಗುವ ಊರು ಇದು. ಮೂರೂವರೆ ಗಂಟೆ ಪ್ರಯಾಣ. ರೈಲಿನಲ್ಲಿ ಮಕ್ಕಳಿಗೆಂದೇ ಒಂದು ಬೋಗಿ, ಅದರಲ್ಲಿ ಆಟದ ಮೂಲೆ. 8ನೇ ವಾರಕ್ಕೆ ಮುಂಚಿನ ಶನಿವಾರ ಆ ಬೋಗಿ ನಮ್ಮ ಜಾತ್ರೆ ಬಸ್ಸಿಗೆ ಏನೂ ಕಮ್ಮಿ ಇರಲಿಲ್ಲ. ತಲೆಯ ಮೇಲಿನ ಅಟ್ಟದಲ್ಲೂ, ಓಡಾಡುವ ಜಾಗದಲ್ಲೂ ಸ್ಕೀಗಳ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಪಟ್ಟಿಗಳ, ಉದ್ದುದ್ದ ಚೀಲಗಳು. ಹೊರಗೆ ಮೊದಲು ಹೊಲ, ಆಮೇಲೆ ಹೆಪ್ಪುಗಟ್ಟಿದ ಕೆರೆಗಳು, ಆಮೇಲೆ ಬರೀ ಸ್ಪ್ರೂಸ್ ಮರ ಮತ್ತು ಬಿಳುಪು.

ಈ ರೈಲುದಾರಿ ಪೂರ್ತಿಯಾಗಿ ತೆರೆದಿದ್ದು 1909ರಲ್ಲಿ. ಹಾಲಿಂಗ್‌ದಾಲ್ ಕಣಿವೆಯ ತುದಿಯ ಒಕ್ಕಲಿನ ಹಳ್ಳಿಯಾಗಿದ್ದ ಯೈಲೋ ಪ್ರವಾಸಿಗಳ ಊರಾದದ್ದು ಅಲ್ಲಿಂದ. ಅದೇ ವರ್ಷ ಹೋಲ್ಮ್ ಎಂಬ ಶ್ವಾಸಕೋಶದ ವೈದ್ಯರೊಬ್ಬರು ಬೆಟ್ಟದ ಗಾಳಿ ಒಳ್ಳೆಯದೆಂದು ಸ್ಟೇಷನ್ ಹತ್ತಿರವೇ ಹೋಟೆಲ್ ಕಟ್ಟಿಸಿದರು. ಅದು ಈಗಲೂ ಇದೆ. ನಾವು ಹೊರಗಿನಿಂದ ನೋಡಿ ಮುಂದೆ ನಡೆದೆವು, ಬಾಡಿಗೆ ಕೇಳುವ ಧೈರ್ಯ ಬರಲಿಲ್ಲ.

"ಎಷ್ಟು ಎತ್ತರದಲ್ಲಿದೆ ಈ ಊರು?" ಎಂದು ಅಮ್ಮ ಕೇಳಿದಳು. ಸಮುದ್ರದಿಂದ ಸುಮಾರು 800 ಮೀಟರ್. ಬೆಂಗಳೂರು ಇದಕ್ಕಿಂತ ನೂರು ಮೀಟರಿಗೂ ಹೆಚ್ಚು ಮೇಲಿದೆ, ಸಕಲೇಶಪುರವೂ ಇದಕ್ಕಿಂತ ಎತ್ತರ. ಅಮ್ಮನಿಗೆ ಇದು ಬಹಳ ಹಿಡಿಸಿತು. ಸ್ಟೇಷನ್ನಿನಲ್ಲಿ ಮೈನಸ್ 14 ಡಿಗ್ರಿ ಇತ್ತು, ಉಸಿರೆಳೆದರೆ ಮೂಗಿನೊಳಗಿನ ಕೂದಲು ಸೆಟೆದು ನಿಲ್ಲುತ್ತಿತ್ತು. "ನಾವು ಕೆಳಗಿಳಿದು ಬಂದಿದೀವಿ ಅನ್ನು" ಅಂದಳು. ಭೂಮಿಯ ಉತ್ತರಕ್ಕೆ ಅರವತ್ತು ಡಿಗ್ರಿ ದಾಟಿ ಬಂದಿದ್ದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನಾವು ಹಿಡಿದದ್ದು ಮರದ ಚಿಕ್ಕ ಮನೆ. ಇಲ್ಲಿ ಇದಕ್ಕೆ 'ಹಿತ್ತೆ' ಅನ್ನುತ್ತಾರೆ. ಛಾವಣಿಯ ಮೇಲೆ ಮೊಣಕಾಲೆತ್ತರ ಹಿಮ, ಒಳಗೆ ಕಬ್ಬಿಣದ ಒಲೆ, ಪಕ್ಕದಲ್ಲಿ ಒಪ್ಪವಾಗಿ ಪೇರಿಸಿಟ್ಟ ಬರ್ಚ್ ಸೌದೆ. ಬಾಗಿಲು ತೆರೆದ ತಕ್ಷಣದ ಪುಟ್ಟ ಕೋಣೆಯ ನೆಲ ಬೆಚ್ಚಗಿತ್ತು, ಕೆಳಗೆ ಕರೆಂಟಿನ ತಂತಿ ಹಾಯಿಸಿರುತ್ತಾರೆ. ಮುಂದಿನ ಐದು ದಿನ ನಮ್ಮ ಸಂಸಾರ ನಡೆದದ್ದು ಬಹುಪಾಲು ಆ ಕೋಣೆಯಲ್ಲೇ. ರಜೆಯ ಫೋಟೋಗಳಲ್ಲಿ ಇಳಿಜಾರು, ಬಿಸಿಲು, ನಗು ಎಲ್ಲ ಇರುತ್ತದೆ. ಬೆಳಗ್ಗೆ ಐವತ್ತು ನಿಮಿಷ ಬಟ್ಟೆ ಏರಿಸುವುದು, ಸಂಜೆ ಐವತ್ತು ನಿಮಿಷ ಬಟ್ಟೆ ಕಳಚಿ ಹರವುವುದು ಯಾವ ಫೋಟೋದಲ್ಲೂ ಇರುವುದಿಲ್ಲ. ಒಳಂಗಿ, ಅದರ ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ನುಗ್ಗದ ಜಾಕೆಟ್ಟು, ಕುತ್ತಿಗೆಗೆ ಕೊಳವೆಯಂಥ ಬಟ್ಟೆ, ತಲೆಗೆ ತೆಳು ಟೊಪ್ಪಿ, ಅದರ ಮೇಲೆ ಹೆಲ್ಮೆಟ್. ನಾಲ್ಕು ಜನಕ್ಕೆ ಎಂಟು ಗವಸು. ಪ್ರತಿದಿನ ಬೆಳಗ್ಗೆ ಏಳು ಸಿಗುತ್ತಿದ್ದವು.

ಅಮ್ಮ ಇದನ್ನು ಕೊಯ್ಲಿನ ಕೆಲಸದ ಹಾಗೆ ಕೈಗೆತ್ತಿಕೊಂಡಳು. ಎರಡನೇ ದಿನದಿಂದ ಬೂಟಿನ ಒಳಪದರ ತೆಗೆದು ಒಲೆಯಿಂದ ಎಷ್ಟು ದೂರ ಇಡಬೇಕು, ಗವಸನ್ನು ಯಾವಾಗ ಮಗುಚಬೇಕು ಎಂಬುದೆಲ್ಲ ಅವಳದೇ ಹುಕುಂ. ವರ್ಷಕ್ಕೆ ನಾಲ್ಕು ತಿಂಗಳು ಕಾಫಿ ಒಣಗಿಸುವವಳಿಗೆ ಗವಸು ಯಾವ ಲೆಕ್ಕ.

ಆ ಒಲೆಯ ಮುಂದೆಯೇ ಮಗಳು ಅಜ್ಜಿಗೆ ಮೊದಲ ಪಾಠ ಹೇಳಿದ್ದು. ನಾರ್ವೆಯವರ ಬಾಯಲ್ಲಿ ಸ್ಕೀ ಎಂಬ ಪದ ಹೆಚ್ಚುಕಮ್ಮಿ 'ಶೀ' ಆಗುತ್ತದೆ. ಮಗಳು ಮೂಲೆಯ ಕಡೆ ಕೈ ತೋರಿಸಿ, "ಅಜ್ಜೀ, ಶೀ!" ಅಂದಳು. ಅಮ್ಮ ಗಾಬರಿಯಿಂದ ಕಾಲೆತ್ತಿಕೊಂಡು, "ಏನೇ ಅದು, ಎಲ್ಲೇ?" ಎಂದು ನೆಲವೆಲ್ಲ ಹುಡುಕಿದಳು. ಹಳೆಯ ನಾರ್ಸ್ ಭಾಷೆಯಲ್ಲಿ ಈ ಪದಕ್ಕೆ ಸೀಳಿದ ಮರದ ತುಂಡು ಎಂದು ಅರ್ಥವಂತೆ. ಒಲೆಗೆ ಹಾಕುವ ಸೌದೆ ಸೀಳಿಗೂ ಇಲ್ಲಿ ಅದೇ ಬೇರಿನ ಹೆಸರಿದೆ. ಇದನ್ನು ಹೇಳಿದ ಮೇಲೆ ಅಮ್ಮ, "ಹಂಗಾದ್ರೆ ಇದನ್ನೂ ಒಲೆಗೆ ಹಾಕಬಹುದು" ಎಂದು ಅಳಿಯನ ಸ್ಕೀಗಳನ್ನು ನೋಡಿದಳು.

ಹಾಕಿದ್ದರೆ ಒಳ್ಳೆಯದಿತ್ತೋ ಏನೋ. ಕಣಿವೆಯ ಎರಡೂ ಬದಿಗೆ ಇಳಿಜಾರುಗಳಿವೆ. ಇವರು ಬಾಡಿಗೆಗೆ ಸ್ಕೀ ತೆಗೆದುಕೊಂಡು ದೊಡ್ಡವರ ತರಗತಿಗೆ ಸೇರಿದರು. ಮೊದಲ ಪಾಠ ಬೀಳುವುದು, ಎರಡನೆಯದು ಏಳುವುದು, ಮೂರನೆಯದು ನಿಲ್ಲಿಸುವುದು. ನಿಲ್ಲಿಸಬೇಕಾದರೆ ಸ್ಕೀಗಳ ಮುಂತುದಿ ಹತ್ತಿರ ತಂದು ಹಿಂದೆ ಅಗಲಿಸಬೇಕು. ಮಕ್ಕಳಿಗೆ ಇದನ್ನು 'ಪಿಜ್ಜಾ' ಎಂದು ಕಲಿಸುತ್ತಾರೆ. ಓಸ್ಲೋದ ಶಿಶುವಿಹಾರದಲ್ಲೇ ಸ್ಕೀ ಕಲಿತಿರುವ ಮಗಳು ಅಪ್ಪನ ಪಕ್ಕದಲ್ಲಿ ಸರ್ರನೆ ಇಳಿಯುತ್ತ, "ಅಪ್ಪಾ, ಪಿಜ್ಜಾ! ಪಿಜ್ಜಾ!" ಎಂದು ಕಿರುಚುತ್ತಿದ್ದಳು. ಅಪ್ಪನ ಪಿಜ್ಜಾ ದೋಸೆಯಾಗಿ, ಇಳಿಜಾರಿನ ಬುಡದ ಬಲೆಯಲ್ಲಿ ಹೋಗಿ ನಿಂತಿತು. ಮೂರೂ ದಿನ ಅದೇ ಬಲೆ. ಸಂಜೆ ಅಮ್ಮ ಬಿಸಿನೀರಿನ ಚೀಲ ಕೊಟ್ಟು, "ನೀವು ನಾಳೆ ಮನೇಲೇ ಇದ್ದುಬಿಡಿ" ಎಂದು ಅಳಿಯನಿಗೆ ಮೆತ್ತಗೆ ಹೇಳಿದ್ದನ್ನು ಕೇಳಿಸಿಕೊಂಡೆ.

ನಾನು ಆರಿಸಿಕೊಂಡದ್ದು ಸಪಾಟು ದಾರಿಯ ಸ್ಕೀ. ಇದರಲ್ಲಿ ಹಿಮ್ಮಡಿ ಬಿಡುವಾಗಿರುತ್ತದೆ, ಸ್ಕೀ ಸಪೂರ. ರಾತ್ರಿ ಯಂತ್ರವೊಂದು ಓಡಾಡಿ ಹಿಮದಲ್ಲಿ ಜೋಡಿ ಗೆರೆ ಕೊರೆದಿರುತ್ತದೆ, ಎತ್ತಿನಗಾಡಿಯ ಚಕ್ರದ ಜಾಡಿನ ಹಾಗೆ. ಆ ಜಾಡಿಗೆ ಕಾಲಿಟ್ಟು ಜಾರುತ್ತ ಹೋಗಬೇಕು. ಏರು ಬಂದಾಗ ಕಾಲನ್ನು ಮೀನಿನ ಮುಳ್ಳಿನಂತೆ ಅಗಲಿಸಿ ಹತ್ತಬೇಕು, ಹೆಸರೂ ಅದೇ. ಗುಡ್ಡದ ಮೇಲೆ ಬರ್ಚ್ ಮರಗಳು ಕುಳ್ಳಗಾಗುತ್ತ ಆಗುತ್ತ ಇಲ್ಲವೇ ಆಗಿಬಿಡುತ್ತವೆ. ಆಮೇಲೆ ಎದುರಿಗೆ ಹಾಲಿಂಗ್‌ಸ್ಕಾರ್ವೆ ಎಂಬ ಉದ್ದನೆಯ ಬೆಟ್ಟ, ಗೋಡೆ ಕಟ್ಟಿದ ಹಾಗೆ.

ಓಸ್ಲೋ ಟ್ರಾಮಿನಲ್ಲಿ ಪಕ್ಕದ ಸೀಟಿನವರು ಮುಖ ಎತ್ತಿ ನೋಡುವುದಿಲ್ಲ. ಈ ಜಾಡಿನಲ್ಲಿ ಎದುರಾದವರೆಲ್ಲ 'ಹೈ ಹೈ' ಎನ್ನುತ್ತಾರೆ. ಆರು ವರ್ಷದಲ್ಲಿ ಕೇಳದಷ್ಟು ನಮಸ್ಕಾರ ಒಂದೇ ಬೆಳಗ್ಗೆ ಸಿಕ್ಕಿತು. ಬಿಸಿಲಿಗೆ ಮುಖ ಮಾಡಿ, ಹಿಮದಲ್ಲಿ ಕುರ್ಚಿಯಂತೆ ಗುಳಿ ತೋಡಿ, ಕಿತ್ತಳೆ ಸುಲಿಯುತ್ತ ಕೂತ ಮುದುಕ ದಂಪತಿ ಕಿತ್ತಳೆಯ ಎರಡು ತೊಳೆ ನನಗೂ ಕೊಟ್ಟರು. ಎಂಟನೇ ಗವಸು ಸಿಕ್ಕಿದ್ದೂ ಈ ದಾರಿಯಲ್ಲೇ. ಬಿದ್ದದ್ದನ್ನು ಯಾರೋ ಎತ್ತಿ ಗುರುತಿನ ಕೋಲಿನ ತುದಿಗೆ ಸಿಕ್ಕಿಸಿದ್ದರು, ಇಲ್ಲಿ ಅದು ವಾಡಿಕೆ.

ಅಮ್ಮನಿಗೆ ಸಿಕ್ಕಿದ್ದು 'ಸ್ಪಾರ್ಕ್'. ಉದ್ದನೆಯ ಎರಡು ಉಕ್ಕಿನ ಪಟ್ಟಿ, ಮುಂದೆ ಮರದ ಪೀಠ, ಹಿಂದೆ ಹಿಡಿ. ಒಬ್ಬರು ಕೂರಬೇಕು, ಇನ್ನೊಬ್ಬರು ಹಿಂದಿನ ಪಟ್ಟಿಯ ಮೇಲೆ ಒಂದು ಕಾಲಿಟ್ಟು ಇನ್ನೊಂದರಲ್ಲಿ ಒದೆಯಬೇಕು. ಇಲ್ಲಿನ ಅಜ್ಜಿಯರು ಅಂಗಡಿಗೆ ಹೋಗಿಬರುವುದು ಇದರಲ್ಲೇ. ಮೊದಲು ನಾನು ಒದ್ದೆ, ಅಮ್ಮ ಉಣ್ಣೆ ಚಲ್ಲಣದ ಮೇಲೆ ಉಟ್ಟ ಸೀರೆ ಅವುಚಿಕೊಂಡು ಕೂತಳು. ಹತ್ತು ನಿಮಿಷಕ್ಕೆ "ಇಳಿಯೇ ನೀನು" ಎಂದು ಮೊಮ್ಮಗಳನ್ನು ಪೀಠದಲ್ಲಿ ಕೂರಿಸಿ ತಾನೇ ಒದೆಯತೊಡಗಿದಳು. ಮೈನಸ್ ಹತ್ತರ ಕೆಳಗೆ ಹಿಮ ಕಾಲಡಿ ಕಿರಕಿರ ಅನ್ನುತ್ತದೆ. ಆ ಸದ್ದು ರಸ್ತೆಯ ತಿರುವಿನವರೆಗೆ ಕೇಳಿಸಿತು. ಜಲ್ಲಿ ಚೆಲ್ಲಿದ ಜಾಗ ಬಂದು ಪಟ್ಟಿ ಕಚ್ಚಿಕೊಂಡಾಗಷ್ಟೇ ನಿಂತರು.

ತಿನ್ನುವ ವಿಷಯದಲ್ಲಿ ಅಮ್ಮನ ತೀರ್ಪು ಎರಡೇ. ಕಂದು ಚೀಸ್ ಪಾಸು. ಹಾಲೊಡೆದ ನೀರನ್ನು ಸಕ್ಕರೆ ಅಂಶ ಕೆಂಪಗಾಗುವವರೆಗೆ ಗಂಟೆಗಟ್ಟಲೆ ಕುದಿಸಿ, ಕೆನೆ ಸೇರಿಸಿ ಮಾಡುವ ಗಟ್ಟಿ ಅದು. "ಧಾರವಾಡ ಪೇಡಕ್ಕೆ ಉಪ್ಪು ಬಿದ್ದಂಗಿದೆ" ಎಂದು ದೋಸೆಹಂಚಿನಷ್ಟು ಬಿಸಿ ವಾಫಲ್ ಮೇಲೆ ನಾಲ್ಕು ಹೋಳು ಇಟ್ಟುಕೊಂಡಳು. ಬನ್ನು ಫೇಲು. ನಾರ್ವೆಯ ಬನ್ನಿಗೆ ಏಲಕ್ಕಿ ಹಾಕದೆ ನಡೆಯುವುದಿಲ್ಲ. ಅಮ್ಮ ಮುರಿದು ಮೂಸಿ ನೋಡಿ, "ಹಳೇದು" ಅಂದಳು. ಈಗ ಜಗತ್ತಿಗೆ ಹೆಚ್ಚು ಏಲಕ್ಕಿ ಕೊಡುವುದು ಗ್ವಾಟೆಮಾಲಾ, ನಮ್ಮ ಕಡೆಯದಲ್ಲ ಎಂದು ಹೇಳಿ ತಪ್ಪು ಮಾಡಿದೆ. ಆ ದೇಶದ ಮೇಲಿನ ಅವಳ ಮುನಿಸು ಊಟ ಮುಗಿಯುವವರೆಗೂ ಇಳಿಯಲಿಲ್ಲ.

ನಾಲ್ಕನೇ ದಿನ ರೈಲು ಹತ್ತಿ ಫಿನ್ಸೆಗೆ ಹೋದೆವು. ಮುಕ್ಕಾಲು ಗಂಟೆ ಹಾದಿ. 1222 ಮೀಟರ್ ಎತ್ತರ, ನಾರ್ವೆ ರೈಲುಮಾರ್ಗದಲ್ಲೇ ಅತಿ ಎತ್ತರದ ಸ್ಟೇಷನ್. ಮೋಟಾರು ರಸ್ತೆ ಇಲ್ಲ. ಅಂಟಾರ್ಕ್ಟಿಕಾ ಖಂಡ ದಾಟಲು ಹೊರಡುವ ಮುನ್ನ ಅನ್ವೇಷಕ ಶ್ಯಾಕಲ್‌ಟನ್ ತನ್ನ ಸಾಮಾನು ಪರೀಕ್ಷಿಸಿದ್ದು 1914ರಲ್ಲಿ ಇಲ್ಲೇ. ಹಿಮನದಿ ನೋಡಬೇಕು, ಒಂದೆರಡು ಕಿಲೋಮೀಟರ್ ಸ್ಕೀ ಮಾಡಬೇಕು ಎಂದೆಲ್ಲ ಯೋಜನೆ ಇತ್ತು. ಇಳಿದು ಕಟ್ಟಡದ ಮರೆ ದಾಟಿದ್ದೇ ತಡ, ಗಾಳಿ ಹಿಮವನ್ನು ಅಡ್ಡಡ್ಡ ಎರಚುತ್ತಿತ್ತು. ಹತ್ತು ಹೆಜ್ಜೆ ಮುಂದಿದ್ದ ಇವರ ಕೆಂಪು ಜಾಕೆಟ್ಟು ಒಮ್ಮೆ ಕಂಡಿತು, ಒಮ್ಮೆ ಇಲ್ಲ. ಹಿಮನದಿ ಯಾವ ದಿಕ್ಕಿಗಿದೆ ಎಂಬುದೂ ತಿಳಿಯಲಿಲ್ಲ.

ನಾರ್ವೆಯಲ್ಲಿ ಬೆಟ್ಟಕ್ಕೆ ಹೋಗುವವರಿಗೆಂದು ಒಂಬತ್ತು ನಿಯಮಗಳಿವೆ. 1967ರ ಈಸ್ಟರ್ ರಜೆಯಲ್ಲಿ ಬಿರುಗಾಳಿಗೆ ಸಿಕ್ಕಿ ಹಲವರು ಸತ್ತ ಮೇಲೆ ಇವು ಮನೆಮನೆಗೆ ಹಬ್ಬಿದವು. ಎಂಟನೆಯದು ಎಲ್ಲರಿಗೂ ಬಾಯಿಪಾಠ: ಹೊತ್ತಿಗೆ ಸರಿಯಾಗಿ ಹಿಂತಿರುಗು, ಹಿಂತಿರುಗುವುದರಲ್ಲಿ ನಾಚಿಕೆಯಿಲ್ಲ. ಮಗಳು ಶಾಲೆಯಲ್ಲಿ ಕಲಿತದ್ದನ್ನು ಗಾಳಿಯ ಮೇಲೆ ದನಿ ಎತ್ತಿ ಒಪ್ಪಿಸಿದಳು. ಮೂರು ದಿನ ಬಲೆಗೆ ಬಿದ್ದಿದ್ದ ಇವರ ಮುಖ ಅರಳಿದ್ದು ನೋಡಬೇಕಿತ್ತು. ನಾವು ಹೊರಗಿದ್ದದ್ದು ಹನ್ನೊಂದು ನಿಮಿಷ. ಉಳಿದ ಎರಡು ಗಂಟೆ ಒಳಗೆ ಕೂತು ಬಿಸಿ ಚಾಕೊಲೇಟ್ ಕುಡಿದು, ಕಿಟಕಿಯ ಬಿಳುಪನ್ನು ನೋಡಿ, ಯೈಲೋಗೆ ವಾಪಸ್ ರೈಲು ಹಿಡಿದೆವು. ಇಡೀ ರಜೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಊರು ಫಿನ್ಸೆ, ನಾನು ನೋಡದೇ ಬಂದ ಊರು.

ಓಸ್ಲೋಗೆ ಮರಳಿದ ವಾರಕ್ಕೆ ಅಮ್ಮ ಊರಿಗೆ ಹೊರಟಳು. ಮಂಚದ ಮೇಲೆ ನಾನು ತೆಗೆದಿಟ್ಟಿದ್ದ ಹತ್ತಿ ಬಟ್ಟೆಗಳನ್ನೆಲ್ಲ ಮಡಚಿ ಪೆಟ್ಟಿಗೆಗೆ ತುಂಬಿದಳು. ಅವುಗಳ ಅಡಿಯಲ್ಲಿ ಉಣ್ಣೆ ಒಳಂಗಿ ಎರಡೂ, ನನ್ನ ಉಣ್ಣೆ ಸಾಕ್ಸ್ ಒಂದು ಜೊತೆ ಆಗಲೇ ಹೋಗಿ ಕೂತಿದ್ದವು.

"ಅಲ್ಲಿ ಇದೆಲ್ಲ ಯಾಕಮ್ಮ?"

"ಡಿಸೆಂಬರ್ ರಾತ್ರಿ ಕಣ ಕಾಯೋರು ಯಾರು, ನೀನಾ?" ಎಂದು ಅಮ್ಮ ಜಿಪ್ ಎಳೆದಳು.