ಹಿತ್ತಲ ಹುಲ್ಲು, ಕಿಸೆದಾಗಿನ ರೊಕ್ಕ

ಧಾರವಾಡದ ಜಿಟಿಜಿಟಿ ಮಳಿ ನಿಂತು ನಾಕು ಬಿಸಲು ಬಿತ್ತಂದ್ರ ಹಿತ್ತಲ ತುಂಬ ಮೊಣಕಾಲಮಟ ಹುಲ್ಲು. ಇದಕ್ಕ ತಳ್ಳೋ ಲಾನ್ ಮೂವರ್ ತರಬ್ಯಾಡ್ರಿ. ಅದು ನಾಕು ಬೆರಳಿನ ಹುಲ್ಲಿಗಷ್ಟ. ಎತ್ತರದ್ದು ಬ್ಲೇಡಿಗೆ ಸುತಗೊಂಡು ಮಷಿನ್ ನಿಂತಬಿಡ್ತದ.

ಒಂದೆರಡು ಗುಂಟೆಕ್ಕ ಹೆಗಲಿಗೆ ಹಾಕ್ಕೊಳ್ಳೋ ಬ್ರಷ್ ಕಟರ್ (ಉದ್ದ ಕೋಲಿನ ತುದಿಗೆ ಬ್ಲೇಡ್ ಇಲ್ಲಾ ದಾರ ತಿರಗೋ ಮಷಿನ್) ಸಾಕು. ಅದರಾಗ ಟೂ ಸ್ಟ್ರೋಕ್ ಇಂಜಿನ್ನಿಂದು ಅಗ್ಗ, ಹಗುರ. ಆದ್ರ ಪೆಟ್ರೋಲಿಗೆ ಟೂಟಿ (2T, ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಕೂಡಿಸೋದು ಮರತ್ರ ಪಿಸ್ಟನ್ ಜಾಮ್. ಮಷಿನ್ ಮ್ಯಾಲೆ 25:1 (25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಅಂತ ಇದ್ರ ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್, 50:1 ಇದ್ರ 20. ಫೋರ್ ಸ್ಟ್ರೋಕಿಗೆ ಈ ರಗಳಿ ಇಲ್ಲ, ತೂಕಾನೂ ರೇಟೂ ಜಾಸ್ತಿ. ವರ್ಷಕ್ಕ ಎರಡ ಸಲ ಕೊಯ್ಯೋರು ಕೊಳ್ಳೋದ ಬ್ಯಾಡ, ಬಾಡಿಗಿ ತರ್ರಿ.

ಕರಕಿಗೆ ನೈಲಾನ್ ದಾರ, ಬಲಿತ ದಂಟಿಗೆ ಮೂರು ಹಲ್ಲಿನ ಬ್ಲೇಡು. ಕಲ್ಲು, ತಂತಿಬೇಲಿ ಹತ್ರ ಬ್ಲೇಡ್ ಬ್ಯಾಡ. ಯಾವುದ ಹಾಕ್ರಿ, ಕಣ್ಣಿಗೆ ಗಾಗಲ್ ಬೇಕ ಬೇಕು. ಮೊದ್ಲ ಮ್ಯಾಲಿನ ಅರ್ಧ, ಆಮ್ಯಾಲೆ ಬುಡ. ಬಲಗಡಿಂದ ಎಡಕ್ಕ ಬೀಸಿದ್ರ ಕೊಯ್ದದ್ದು ಎಡಕ್ಕ ಬೀಳ್ತದ. ಕಾಂಗ್ರೆಸ್ ಕಸ ಮಾತ್ರ ಕೊಯ್ದ್ರ ಬುಡದಿಂದ ಮತ್ತ ಚಿಗೀತದ. ಹೂ ಬಿಡೋಕಿಂತ ಮೊದ್ಲ, ನೆಲ ಹಸಿ ಇದ್ದಾಗ ಕೈಗವಸು ಹಾಕ್ಕೊಂಡು ಬೇರಸಮೇತ ಕೀಳ್ರಿ.

ಕುಡಗೋಲಿಲೆ ಕೊಯ್ದ ಹುಲ್ಲು ದನದ ಮುಂದ ಹೋಗ್ತಿತ್ತು. ಮಷಿನ್ ಅದನ್ನ ಪುಡಿ ಮಾಡಿ ಗ್ವಾಡಿಗೆ ಬಳೀತದ. ಇರ್ಲಿ.

ಕೆಲಸ ಮುಗದಮ್ಯಾಲೆ ಟ್ಯಾಂಕ್ ಖಾಲಿ ಮಾಡಿ, ತಾನ ಬಂದ್ ಆಗೋತನಕ ಓಡಸ್ರಿ. ಪೆಟ್ರೋಲ್ ಉಳದ್ರ ಮುಂದಿನ ಮುಂಗಾರಿಗೆ ಕಾರ್ಬೊರೇಟರ್ ಅಂಟಗಟ್ಟಿ, ಹಗ್ಗ ಎಷ್ಟ ಜಗ್ಗಿದ್ರೂ ಚಾಲೂ ಆಗಂಗಿಲ್ಲ.