ಅಪ್ಪ ಕೈ ಇಡುವ ಜಾಗ: ಚಾಮುಂಡಿಪುರಂ ಮನೆ ರಿಪೇರಿ, ಇಲ್ಲಿವರೆಗೆ

ಬಚ್ಚಲುಮನೆ ಮುಗಿಯಿತು. ಮುಂದಿನ ಮೆಟ್ಟಿಲೂ ಮುಗಿಯಿತು. ಕರೆಗಂಟೆ ಅರ್ಧ ಆಗಿದೆ. ಹೊಸ್ತಿಲು ಮಾತ್ರ ಬಾಕಿ, ಅದಕ್ಕೆ ಕಾರಣ ಅಮ್ಮ.

ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ನಾನು ಮೈಸೂರಿಗೆ ವಾಪಸ್ ಬಂದಿದ್ದು ಅಪ್ಪನಿಗೆ ಸೊಂಟದ ಕೀಲಿನ ಆಪರೇಷನ್ ಆದ ಮೇಲೆ. ಈಗ ಅವರದು ವಾಕರ್ ನಡಿಗೆ. ಅಮ್ಮನಿಗೆ ಕಿವಿ ಮಂದ. ನನ್ನ ಆಫೀಸ್ ಕೆಲಸ ಮನೆಯಿಂದಲೇ ನಡೆಯುತ್ತದೆ. ಮೀಟಿಂಗ್ ಇದ್ದ ದಿನ ಬೆಳಗಿನ ರೈಲು ಹಿಡಿಯುತ್ತೇನೆ, ಮಂಡ್ಯದಿಂದ ಅಕ್ಕ ಬಂದು ಮನೆ ನೋಡಿಕೊಳ್ಳುತ್ತಾಳೆ.

ಮೊದಲು ಬಚ್ಚಲು. ನಮ್ಮದು ಹಳೇ ಮನೆ, ನೆಲ ರೆಡ್ ಆಕ್ಸೈಡು. ಒಣಗಿದ್ದಾಗ ಕನ್ನಡಿ ಥರ ಚೆಂದ, ಒದ್ದೆಯಾದರೆ ದೇವರೇ ಗತಿ. ಹಿಡಿಗಳನ್ನು ಎಲ್ಲಿ ಹಾಕಬೇಕು ಅಂತ ಟೇಪ್ ಹಿಡಿದು ನಿಂತಾಗ ಗೋಡೆಯ ಮೇಲಿನ ಕಪ್ಪು ಕಲೆ ಕಣ್ಣಿಗೆ ಬಿತ್ತು. ವರ್ಷಗಟ್ಟಲೆ ಅಪ್ಪ ಅಂಗೈ ಊರಿ ಊರಿ ಆದ ಎಣ್ಣೆ ಜಿಡ್ಡಿನ ಗುರುತು. ಸಾಮಾನ್ಯ ಲೆಕ್ಕದಲ್ಲಿ ಹಿಡಿ ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿರಬೇಕು. ಅಪ್ಪ ಉದ್ದ ಆಳು, ಕಲೆ ಅದಕ್ಕಿಂತ ಸ್ವಲ್ಪ ಮೇಲಿತ್ತು. ನಾನು ಕಲೆಯನ್ನೇ ನಂಬಿದೆ. ಜಾರುವಾಗ ಯಾರೂ ಹಿಡಿ ಎಲ್ಲಿದೆ ಅಂತ ಹುಡುಕುವುದಿಲ್ಲ, ಕೈ ತನ್ನ ಹಳೇ ಜಾಗಕ್ಕೇ ಹೋಗುತ್ತದೆ. ಅಮ್ಮನ ಕೈ ಹೋಗುತ್ತಿದ್ದುದು ಟವೆಲ್ ರಾಡಿಗೆ! ಎರಡು ಪುಟ್ಟ ಸ್ಕ್ರೂ ಮೇಲೆ ನಿಂತ ರಾಡು ಅದು. ಅದನ್ನು ಕಿತ್ತು ಅಲ್ಲೇ ಸ್ಟೀಲ್ ಹಿಡಿ ಕೂರಿಸಿದ್ದೇವೆ. ಟವೆಲ್ಲನ್ನೂ ಅದರ ಮೇಲೇ ಹಾಕುತ್ತಾರೆ, ಹಾಕಲಿ.

ಕೂರಿಸುವುದೇನೂ ಸುಲಭ ಇರಲಿಲ್ಲ. ಸುಣ್ಣದ ಗಾರೆಯ ಗೋಡೆ, ಡ್ರಿಲ್ ಇಟ್ಟರೆ ಪುಡಿ ಪುಡಿ ಉದುರಿತು. ಮೇಸ್ತ್ರಿ ನೋಡಿ, "ಈ ಗೋಡೆ ಬರೀ ಬೋಲ್ಟ್ ಹಿಡಿಯಲ್ಲ ಸಾ, ಆ ಕಡೆಗೆ ತೂತು ಹೊಡೆದು ಪ್ಲೇಟ್ ಕೊಡಬೇಕು" ಅಂದರು. ಹಾಗೇ ಮಾಡಿದೆವು. ಗೋಡೆಯ ಆಚೆ ಬದಿ, ಅಂದರೆ ಅಡುಗೆಮನೆಯಲ್ಲಿ, ಈಗ ಕಬ್ಬಿಣದ ಪ್ಲೇಟುಗಳು ಕಾಣುತ್ತವೆ. ಚೆಂದ ಇಲ್ಲ, ಆದರೆ ನಾನು ಪೂರ್ತಿ ಜೋತುಬಿದ್ದು ನೋಡಿದ್ದೇನೆ, ಅಲ್ಲಾಡಲಿಲ್ಲ. ಹಿಡಿಗೂ ಗೋಡೆಗೂ ಒಂದೂವರೆ ಇಂಚು ಸಂದು ಇದ್ದರೆ ಸಾಕು. ಜಾಸ್ತಿ ಬಿಟ್ಟರೆ ಜಾರಿದಾಗ ಮೊಣಕೈ ಒಳಗೆ ಸಿಕ್ಕಿಕೊಳ್ಳುತ್ತದೆ.

ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ. ಕೀಲು ಬದಲಿಸಿ ಹೊರಕ್ಕೆ ತೆರೆಯುವ ಹಾಗೆ ಮಾಡಿಸಿದೆ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿದೆ. ಪಾಯಿಖಾನೆಯಲ್ಲಿ ನೆಲ ಒಡೆಯಲಿಲ್ಲ. ಮಂಡಿಗಿಂತ ಸೊಂಟ ಕೆಳಗೆ ಹೋಗುವ ಹಾಗೆ ಕೂರಬಾರದು ಅಂತ ಡಾಕ್ಟರ್ ಹೇಳಿದ್ದರು. ಹಾಗಾಗಿ ಇಂಡಿಯನ್ ಕಮೋಡಿನ ಮೇಲೇ ಇಡುವ, ಎತ್ತರ ಹೊಂದಿಸಿಕೊಳ್ಳುವ ಕುರ್ಚಿ ತಂದೆ. ಕಾಲಿಗೆ ಗಟ್ಟಿ ರಬ್ಬರ್ ಬುಷ್ ಇರಬೇಕು, ಅಷ್ಟೇ.

"ಮನೇನ ಆಸ್ಪತ್ರೆ ಮಾಡ್ತಿದ್ದೀಯಾ?" ಅಂತ ಅಪ್ಪ ರೇಗುತ್ತಲೇ ಇದ್ದರು. ಆದರೆ ಈಗ ಸ್ನಾನಕ್ಕೆ ನನ್ನನ್ನು ಒಳಗೆ ಬಿಡುವುದಿಲ್ಲ. ಹಿಡಿ ಹಿಡಿದು, ಸ್ಟೂಲ್ ಮೇಲೆ ಕೂತು, ಒಬ್ಬರೇ ಸ್ನಾನ ಮುಗಿಸುತ್ತಾರೆ. ನನಗೆ ಬೇಕಾಗಿದ್ದೂ ಅದೇ.

ಮುಂದಿನ ಮೆಟ್ಟಿಲಿಗೆ ಇಳಿಜಾರು ಮಾಡಬೇಕು ಅಂತಿದ್ದೆ. ಒಂದು ಇಂಚು ಏರಿಗೆ ಹನ್ನೆರಡು ಇಂಚು ಉದ್ದ ಬೇಕು. ನಮ್ಮ ಜಗುಲಿ ನೆಲದಿಂದ 12 ಇಂಚು ಎತ್ತರ, ಅಂದರೆ 12 ಅಡಿ. ಅಂಗಳ ಇರುವುದೇ 8 ಅಡಿ, ಅದರಾಚೆ ರಸ್ತೆ. ಅದರ ಬದಲು 3 ಇಂಚಿನ ಗಿಡ್ಡ ಮೆಟ್ಟಿಲು ಕಟ್ಟಿಸಿದೆ. ಒಂದೊಂದೂ ಎರಡೂವರೆ ಅಡಿ ಅಗಲ, ವಾಕರಿನ ನಾಲ್ಕೂ ಕಾಲು ಒಂದೇ ಮೆಟ್ಟಿಲ ಮೇಲೆ ನಿಲ್ಲುತ್ತವೆ. ಅಪ್ಪ ಸಂಜೆ ಗೇಟಿನವರೆಗೆ ಹೋಗಿ, ಬೀದಿಯವರ ಹತ್ತಿರ ಹರಟೆ ಹೊಡೆದು ಬರುತ್ತಾರೆ.

ಕರೆಗಂಟೆ ಅಂದರೆ ವೈರ್ ಇಲ್ಲದ ಕಾಲಿಂಗ್ ಬೆಲ್. ಒತ್ತುವ ಗುಂಡಿ ಅಪ್ಪನ ಮಂಚದ ಹತ್ತಿರ, ಗಂಟೆ ಅಡುಗೆಮನೆಯಲ್ಲಿ. ನನ್ನ ಕೋಣೆಗೆ ಚೆನ್ನಾಗಿ ಕೇಳುತ್ತದೆ. ಕುಕ್ಕರ್ ಕೂಗುವಾಗ ಅಮ್ಮನಿಗೆ ಏನೂ ಕೇಳುವುದಿಲ್ಲ. ಗಂಟೆಯ ಜೊತೆ ದೀಪವೂ ಮಿಣುಗುವ ಮಾದರಿ ಇದೆ, ಅದನ್ನು ತರಿಸಬೇಕು. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಊರಲ್ಲೇ ಇದೆ, 1965ರಿಂದ ಇದೆ. ಬೇರೆ ರಾಜ್ಯದವರೂ ಹುಡುಕಿಕೊಂಡು ಬರುತ್ತಾರೆ. ನಮ್ಮಮ್ಮ ಮಾತ್ರ "ನಂಗೇನಾಗಿದೆ, ನೀವೇ ಮೆಲ್ಲಗೆ ಮಾತಾಡ್ತೀರ" ಅನ್ನುತ್ತಾಳೆ. ಅಕ್ಕ ಹೇಳಿದರೆ ಬರುತ್ತಾಳೇನೋ, ನೋಡಬೇಕು.

ಇನ್ನು ಹೊಸ್ತಿಲು. ಎರಡು ಇಂಚು ಎತ್ತರ, ವಾಕರ್ ಪ್ರತಿ ಸಲ ತಡೆಯುತ್ತದೆ. ತೆಗೆಯುವ ಮಾತೇ ಇಲ್ಲ, ಅರಿಶಿನ ಕುಂಕುಮ ಇಡುವ ಜಾಗ ಅದು. ಎರಡೂ ಕಡೆ ಮರದ ಇಳಿಜಾರು ತುಂಡು ಇಡೋಣ, ಶುಕ್ರವಾರ ಎತ್ತಿಟ್ಟು ಪೂಜೆ ಮಾಡು ಅಂದೆ. ಅಮ್ಮ ಒಪ್ಪಿದಳು. ಆದರೆ ಈಗ ಆಷಾಢ, ಹೊಸ್ತಿಲ ಹತ್ತಿರ ಉಳಿ ಸುತ್ತಿಗೆ ತರುವ ಹಾಗಿಲ್ಲವಂತೆ. ಬಡಗಿಗೆ ಅಳತೆ ಕೊಟ್ಟಾಗಿದೆ. ಶ್ರಾವಣದ ಮೊದಲ ವಾರಕ್ಕೆ ಬರುತ್ತೇನೆ ಅಂದಿದ್ದಾರೆ.