ಥಿರಾಸಿಯಾದ ಮನೋಲಾಸ್: ಬೂದಿಯೊಳಗೆ ಮನೆ ಮಾಡಿಕೊಂಡ ಊರು

ಗ್ರೀಸ್ ದೇಶದ ಸಾಂಟೊರಿನಿಯ ಚಿತ್ರಗಳಲ್ಲಿ ಬಿಳಿ ಗೋಡೆ, ನೀಲಿ ಗುಮ್ಮಟಗಳ ಹಿಂದೆ, ಸಮುದ್ರದಾಚೆಗೆ ಕಪ್ಪಗೆ ಒಂದು ಗುಡ್ಡದ ಸಾಲು ಕಾಣುತ್ತದೆ. ಅದು ಥಿರಾಸಿಯಾ ದ್ವೀಪ. ಓಯಾ ಊರಿನ ಕೆಳಗಿರುವ ಅಮ್ಮೂದಿ ಬಂದರಿನಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಆದರೂ ಸೂರ್ಯಾಸ್ತ ನೋಡಲು ಓಯಾದಲ್ಲಿ ಕಿಕ್ಕಿರಿಯುವ ಜನರಲ್ಲಿ ಹೆಚ್ಚಿನವರು ಇತ್ತ ಬರುವುದೇ ಇಲ್ಲ. ಬರುವವರಲ್ಲಿಯೂ ಬಹುಪಾಲು ಜನ ಕೆಳಗಿನ ಕೋರ್ಫೋಸ್ ದಂಡೆಯಲ್ಲಿ ಮೀನೂಟ ಮುಗಿಸಿ, ಬಂದ ದೋಣಿಯಲ್ಲೇ ಹಿಂತಿರುಗುತ್ತಾರೆ. ನಾನು ಮೇಲೆ ಹತ್ತಿ ಮನೋಲಾಸ್ ಊರಿನಲ್ಲಿ ಉಳಿದುಕೊಂಡೆ.

ಕೋರ್ಫೋಸ್‌ನಿಂದ ಅಂಕುಡೊಂಕಾಗಿ ಏರುವ ಕಲ್ಲಿನ ಮೆಟ್ಟಿಲುಗಳಲ್ಲಿ ಅವಸರಪಡಬಾರದು. ಪಕ್ಕದ ಬಂಡೆಯ ಗೋಡೆಯಲ್ಲಿ ಒಂದರ ಮೇಲೊಂದು ಪದರಗಳು ಸ್ಪಷ್ಟವಾಗಿವೆ: ಕಪ್ಪು ಲಾವಾ, ಕೆಂಪಗೆ ಸುಟ್ಟಂತಿರುವ ಗಂಟುಗಂಟಾದ ಕಲ್ಲು, ಮತ್ತೆ ಲಾವಾ, ಎಲ್ಲಕ್ಕಿಂತ ಮೇಲೆ ಬಿಳುಪಾದ ದಪ್ಪ ಪದರ. ಆ ಬಿಳಿಯ ಪದರವು ಕ್ರಿ.ಪೂ. 1600ರ ಆಸುಪಾಸಿನ ಮಹಾಸ್ಫೋಟದಲ್ಲಿ ಸುರಿದ ಬೂದಿ ಮತ್ತು ಪ್ಯೂಮಿಸ್ ಕಲ್ಲು. ಒಂದು ಚೂರನ್ನು ಕೈಗೆತ್ತಿಕೊಂಡರೆ ತೂಕವೇ ಇಲ್ಲವೇನೋ ಎನ್ನಿಸುತ್ತದೆ. ಮೈತುಂಬ ಸಣ್ಣ ಸಣ್ಣ ರಂಧ್ರಗಳು, ಉಗುರಿನಿಂದ ಕೆರೆದರೆ ಉದುರುವ ಪುಡಿ. ಆ ಸ್ಫೋಟದಲ್ಲಿ ನೆಲದಡಿಯ ಶಿಲಾಪಾಕ ಬರಿದಾಗಿ ಮೇಲಿನ ನೆಲ ಕುಸಿದು, ಆಳವಾದ ಕುಳಿಯೊಳಕ್ಕೆ ಸಮುದ್ರ ನುಗ್ಗಿತು. ಕುಳಿಯ ಅಂಚಿನಲ್ಲಿ ಉಳಿದ ತುಂಡುಗಳೇ ಇಂದಿನ ಥಿರಾ (ಸಾಂಟೊರಿನಿಯ ಮುಖ್ಯ ದ್ವೀಪ), ಥಿರಾಸಿಯಾ ಮತ್ತು ಪುಟ್ಟ ಆಸ್ಪ್ರೊನಿಸಿ.

ನನ್ನನ್ನು ಈ ಊರಿನಲ್ಲಿ ಹಿಡಿದು ನಿಲ್ಲಿಸಿದ್ದು ಅಲ್ಲಿಂದ ಕಾಣುವ ನೋಟಕ್ಕಿಂತ ಹೆಚ್ಚಾಗಿ, ಎಲ್ಲವನ್ನೂ ಹೂತುಹಾಕಿದ ಆ ಬೂದಿಯನ್ನೇ ಜನರು ಮನೆಯಾಗಿಸಿಕೊಂಡ ರೀತಿ. ಮನೋಲಾಸ್‌ನ ಹಳೆಯ ಮನೆಗಳನ್ನು ಕಟ್ಟಿದ್ದಕ್ಕಿಂತ ಕೊರೆದದ್ದೇ ಹೆಚ್ಚು. ಹೊರಗೆ ಕಾಣುವುದು ಕಿರಿದಾದ ಒಂದು ಮುಖಗೋಡೆ ಮಾತ್ರ: ನಡುವೆ ಬಾಗಿಲು, ಎರಡೂ ಬದಿಗೆ ಕಿಟಕಿ, ಬಾಗಿಲ ಮೇಲೆ ಬೆಳಕಿಗಾಗಿ ಇನ್ನೊಂದು ಸಣ್ಣ ಕಿಟಕಿ. ಒಳಗೆ ಕಮಾನು ಛಾವಣಿಯ ಉದ್ದನೆಯ ಕೋಣೆ, ಅದರ ಹಿಂದೆ ಮಲಗುವ ಕೋಣೆ. ಹಿಂದಿನ ಕೋಣೆಗೆ ಬೆಳಕು ತಲುಪುವುದು ಮುಂದಿನ ಕೋಣೆಯನ್ನು ದಾಟಿಯೇ. ಸುತ್ತಲಿನ ಬೂದಿಯ ಪದರವೇ ಬೇಸಿಗೆಯ ಬಿಸಿಯನ್ನೂ ಚಳಿಗಾಲದ ಗಾಳಿಯನ್ನೂ ತಡೆಯುತ್ತದೆ. ಮರಗಳೇ ವಿರಳವಾದ ದ್ವೀಪದಲ್ಲಿ ತೊಲೆಗಳ ಹಂಗಿಲ್ಲದ ಕಮಾನು ಎಷ್ಟು ವಿವೇಕದ ಆಯ್ಕೆ ಎಂಬುದು ಒಳಗೆ ನಿಂತಾಗ ಅರ್ಥವಾಗುತ್ತದೆ.

ಇದೇ ಬೂದಿಯನ್ನು ಸುಣ್ಣದೊಂದಿಗೆ ಬೆರೆಸಿದರೆ ನೀರಿನಲ್ಲಿಯೂ ಗಟ್ಟಿಯಾಗುವ ಗಾರೆ ಸಿಗುತ್ತದೆ. 1860ರ ದಶಕದಲ್ಲಿ ಸೂಯೆಜ್ ಕಾಲುವೆಯ ನಿರ್ಮಾಣಕ್ಕೆಂದು ಥಿರಾಸಿಯಾದ ದಕ್ಷಿಣ ಭಾಗದಲ್ಲಿ ಇದನ್ನು ಅಗೆದು ಸಾಗಿಸುತ್ತಿದ್ದಾಗ, ಪದರದ ಅಡಿಯಲ್ಲಿ ಕಲ್ಲಿನ ಗೋಡೆಗಳು ಹೊರಬಂದವು. ಸ್ಫೋಟಕ್ಕಿಂತ ಮೊದಲೇ ಇಲ್ಲಿ ಜನರು ನೆಲೆಸಿದ್ದರೆಂಬುದಕ್ಕೆ ಅದು ಸಾಕ್ಷಿಯಾಯಿತು. ಫ್ರೆಂಚ್ ಭೂವಿಜ್ಞಾನಿ ಫೂಕೆ ಆ ಅವಶೇಷಗಳನ್ನು ಪರಿಶೀಲಿಸಿದರು. ಅದೇ ಬೂದಿಯಡಿ ಹೂತುಹೋಗಿದ್ದ ಥಿರಾದ ಪ್ರಾಚೀನ ಪಟ್ಟಣ ಅಕ್ರೋತಿರಿಯಲ್ಲಿ ಗ್ರೀಕ್ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ ಉತ್ಖನನ ಆರಂಭಿಸಿದ್ದು 1967ರಲ್ಲಿ. ಹೆಸರು ಅಕ್ರೋತಿರಿಗೆ ಸಂದಿತು. ಮೊದಲ ಸುಳಿವು ಕೊಟ್ಟ ಈ ಚಿಕ್ಕ ದ್ವೀಪವನ್ನೂ ಪ್ರವಾಸಿಗರು ನೆನೆಯಬೇಕೆಂಬುದು ನನ್ನ ಆಸೆ.

ಊರಿನಲ್ಲಿ ನಡೆದಾಡುವಾಗ ಕೇಳಿಸುವುದು ಗಾಳಿ, ಯಾವುದೋ ಅಂಗಳದ ಮಾತು, ಬಹಳ ಕೆಳಗಿನಿಂದ ತೇಲಿಬರುವ ದೋಣಿಯ ಎಂಜಿನ್ನಿನ ಸದ್ದು. ನದಿಯಿಲ್ಲದ ನೆಲವಾದ್ದರಿಂದ ಛಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸಿಕೊಳ್ಳುವುದು ಇಲ್ಲಿನ ಹಳೆಯ ರೂಢಿ. ಈ ದ್ವೀಪಗಳಲ್ಲಿ ದ್ರಾಕ್ಷಿಗೆ ಚಪ್ಪರ ಹಾಕುವುದಿಲ್ಲ. ಬಳ್ಳಿಯನ್ನು ನೆಲಮಟ್ಟದಲ್ಲಿಯೇ ಬುಟ್ಟಿಯಂತೆ ಸುತ್ತಿ, ಗೊಂಚಲುಗಳು ಒಳಗೆ ಬೆಳೆಯುವಂತೆ ಮಾಡುತ್ತಾರೆ. ಗಾಳಿಯಿಂದ ರಕ್ಷಣೆ ಸಿಗುತ್ತದೆ, ಇರುಳಿನ ತೇವವನ್ನು ಪ್ಯೂಮಿಸ್ ಹೀರಿಟ್ಟುಕೊಂಡು ಬೇರಿಗೆ ಕೊಡುತ್ತದೆ. ಊಟಕ್ಕೆ ಸಿಕ್ಕ ‘ಫಾವಾ’ ನೋಟಕ್ಕೆ ನಮ್ಮ ಗಟ್ಟಿ ತೊವ್ವೆಯಂತೆಯೇ ಇತ್ತು. ಈ ಮಣ್ಣಿನಲ್ಲಿ ಬಹುಕಾಲದಿಂದ ಬೆಳೆಯುವ ಒಂದು ಬಗೆಯ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ಈರುಳ್ಳಿ, ಕೇಪರ್ ಹಾಕಿ ಕೊಡುತ್ತಾರೆ.

ಊರಿನ ಎದುರಿಗೆ, ಕುಳಿಯ ನಡುವೆ, ಕಡುಗಪ್ಪು ನೆಯಾ ಕಾಮೆನಿ ದ್ವೀಪವಿದೆ. ಅದು ಕೊನೆಯ ಬಾರಿ ಲಾವಾ ಉಗುಳಿದ್ದು 1950ರಲ್ಲಿ. 1956ರ ಜುಲೈ 9ರ ಭೂಕಂಪವಂತೂ ಸಾಂಟೊರಿನಿಯ ಊರುಗಳನ್ನು ಕೆಡವಿ, ಅನೇಕರನ್ನು ವಲಸೆ ಹೊರಡಿಸಿತು. ಓಯಾದಲ್ಲಿ ಪಾಳುಬಿದ್ದ ಗುಹಾಮನೆಗಳು ಮುಂದೆ ದುಬಾರಿ ಹೋಟೆಲುಗಳಾದವು; ಥಿರಾಸಿಯಾದಲ್ಲಿ ಅಂಥ ಎಷ್ಟೋ ಮನೆಗಳು ಹಾಗೆಯೇ ಉಳಿದಿವೆ.

ಆದ್ದರಿಂದ ಮನೋಲಾಸ್‌ಗೆ ಬಂದವರು ಕುಳಿಯತ್ತಲೇ ಮುಖಮಾಡಿ ಕೂರದೆ, ದ್ವೀಪದ ಹಿಂಬದಿಯ ಇಳಿಜಾರಿನಲ್ಲಿ ಪೊಟಮೋಸ್ ಮತ್ತು ಜನರು ತೊರೆದುಹೋದ ಅಗ್ರಿಲಿಯಾದವರೆಗೆ ನಡೆಯಬೇಕು. ಅಲ್ಲಿ ಹಳ್ಳದ ದಂಡೆಗಳಲ್ಲಿ ಮನೆಗಳನ್ನು ಸಾಲಾಗಿ ಕೊರೆದಿದ್ದಾರೆ. ಮುಖಗೋಡೆ ಬಿದ್ದುಹೋದ ಕಡೆ ಗೋಡೆಯ ಗೂಡು, ಕಮಾನಿನ ಬಾಗು, ಅದರ ಮೇಲಿನ ಬೂದಿಯ ಪದರ ಎಲ್ಲವೂ ತೆರೆದು ನಿಂತಿವೆ. ಮನೋಲಾಸ್‌ನ ಮುಚ್ಚಿದ ಬಾಗಿಲುಗಳ ಹಿಂದೆ ಏನಿದೆ ಎಂಬುದು ನನಗೆ ಸರಿಯಾಗಿ ತಿಳಿದದ್ದು ಅಲ್ಲಿಯೇ.